ಪಾಚಿ ಹೊದ್ದ ಕೊಂಬೆಯವರ ಸನ್ನಿಧಾನಕ್ಕೆ

ಸಕಲ ಪಕ್ಷಿ ಛಾಯಾಚಿತ್ರಗಳಲ್ಲಿ ನಿತ್ಯ ವಿರಾಜಮಾನರಾದ, ಹಕ್ಕಿ ಹಾರಿಹೋದರೂ ಅಲುಗದ ಸ್ಥಿತಪ್ರಜ್ಞರಾದ ಶ್ರೀ ಪಾಚಿ ಹೊದ್ದ ಕೊಂಬೆಯವರಿಗೆ, ಮಂಡ್ಯದ ಕಡೆಯ ಒಬ್ಬ ಹವ್ಯಾಸಿ ಛಾಯಾಗ್ರಾಹಕ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಸೊಂಟನೋವೊಂದನ್ನು ಬಿಟ್ಟರೆ ನಾನು ಇಲ್ಲಿ ಕ್ಷೇಮ. ತಾವು ಅಲ್ಲಿ ಮಲೆನಾಡಿನಲ್ಲಿ, ಛಾಯಾಗ್ರಾಹಕರು ಮರೆಯಾಗಿ ಕೂರುವ ಆ ಹೈಡಿನ ಮುಂದೆ, ಕಬ್ಬಿಣದ ಸ್ಟ್ಯಾಂಡಿಗೆ ಬಿಗಿಸಿದ ಕ್ಲಾಂಪಿನಲ್ಲಿ, ಬೆಳಿಗ್ಗೆ ಸಂಜೆ ಸ್ಪ್ರೇ ಬಾಟಲಿಯ ಅಭಿಷೇಕ ಸ್ವೀಕರಿಸುತ್ತ ಹಸಿರಾಗಿಯೇ ಇದ್ದೀರೆಂದು ನಂಬಿದ್ದೇನೆ.

ತಮಗೆ ನನ್ನ ನೆನಪಿರಲಿಕ್ಕಿಲ್ಲ. ತಮ್ಮ ಭಕ್ತಸಮೂಹ ದೊಡ್ಡದು. ಕಳೆದ ಡಿಸೆಂಬರಿನ ಒಂದು ಶನಿವಾರ, ಹಸಿರು ನೆಟ್ಟಿನ ಪರದೆಯ ಹಿಂದೆ ಸಾಲಾಗಿ ಹಾಕಿದ್ದ 8 ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಏಳನೆಯದರ ಮೇಲೆ ಕೂತಿದ್ದವನು ನಾನು. ಅಕ್ಕಪಕ್ಕದವರ ಮುಂದೆ ಮೂರು ಕೆ.ಜಿ. ತೂಗುವ 600 ಎಂಎಂ ಫಿರಂಗಿಗಳು. ನನ್ನದು ಎರಡು ಕೆ.ಜಿ.ಯ 150-600 ಜೂಮು, ಅದೂ ಸೆಕೆಂಡ್ ಹ್ಯಾಂಡು, ಮನೆಯಲ್ಲಿ ಅರ್ಧ ಬೆಲೆಯನ್ನಷ್ಟೇ ಹೇಳಿರುವಂಥದ್ದು. (ಪತ್ರ ಬಹಿರಂಗವಾದ್ದರಿಂದ ಪೂರ್ತಿ ಬೆಲೆಯನ್ನು ಇಲ್ಲೂ ಬರೆಯುವುದಿಲ್ಲ.)

ಮೊದಲು ಉಪಕಾರ ಸ್ಮರಣೆ. ತಮ್ಮ ದರ್ಶನಕ್ಕೆ ಮುಂಚೆ ಹಕ್ಕಿಯ ಫೋಟೊ ಎಂದರೆ ನನಗೆ ಕೆರೆ ಏರಿ, ಗದ್ದೆ ಬದು, ಲಂಟಾನದ ಪೊದೆ. ಮಿಂಚುಳ್ಳಿಯೊಂದರ ಎದುರು ಎರಡು ಗಂಟೆ ಕುಕ್ಕರಗಾಲಲ್ಲಿ ಕೂತರೆ ಅದು ಎರಡೂ ಗಂಟೆ ನನಗೆ ಬೆನ್ನು ತೋರಿಸಿಕೊಂಡಿದ್ದು, ನಾನು ಕಾಲಿಗೆ ಹತ್ತಿದ ಇರುವೆ ಕೊಡವಲು ತಲೆ ತಗ್ಗಿಸಿದ ಗಳಿಗೆಯಲ್ಲೇ ನೀರಿಗೆ ಧುಮುಕಿ ಮೀನು ತರುತ್ತಿತ್ತು. ತಂದ ಮೀನನ್ನು ಕೂತ ಜಾಗಕ್ಕೆ ಬಡಿಬಡಿದು, ತಿರುಗಿಸಿ, ತಲೆ ಮೊದಲಾಗಿ ನುಂಗುವುದನ್ನು ನೋಡುತ್ತ ಕ್ಯಾಮೆರಾ ಎತ್ತುವುದನ್ನೇ ಮರೆತ ದಿನಗಳೂ ಉಂಟು. ಎಂಥ ಕಾಲಹರಣ! ತಾವು ಬಂದು ಆ ಬವಣೆಯನ್ನೆಲ್ಲ ತಪ್ಪಿಸಿದಿರಿ. ಹಕ್ಕಿ ಎಲ್ಲಿ ಕೂರಬೇಕು, ಎತ್ತ ಮುಖ ಮಾಡಬೇಕು, ಅದರ ಹಿಂದಿನ ಹಸಿರು ಎಷ್ಟು ಮಸುಕಾಗಬೇಕು, ಎಲ್ಲವೂ ಈಗ ಮೊದಲೇ ತೀರ್ಮಾನ. ಹಕ್ಕಿ ಬಂದು ಸಹಿ ಹಾಕುವುದೊಂದೇ ಬಾಕಿ.

ಆ ಸಹಿಗೆ ಸಲ್ಲುವ ಭಕ್ಷೀಸಿನ ವಿಚಾರದಲ್ಲೂ ತಮ್ಮ ಗಾಂಭೀರ್ಯ ದೊಡ್ಡದು. ಹೈಡಿನ ಹುಡುಗ ಡಬ್ಬಿಯಿಂದ ನಾಲ್ಕು ಮೀಲ್‌ವರ್ಮ್ ತೆಗೆದು ತಮ್ಮ ಬೆನ್ನ ಹಿಂದಿನ ಸಂದಿಗೆ ಹಾಕುತ್ತಾನೆ. ತವುಡು ಹಿಟ್ಟಿನಲ್ಲಿ ಸಾಕಿ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಮಾರುವ ಒಂದು ದುಂಬಿಯ ಮರಿಹುಳ ಅದು. ಘಟ್ಟದ ಹಕ್ಕಿಗಳ ಅಜ್ಜಂದಿರು ಕಂಡು ಕೇಳದ ತಿಂಡಿ. ಹಕ್ಕಿ ಅದನ್ನು ಹೆಕ್ಕಿ ನುಂಗಿ, ಇನ್ನೊಂದಿದೆಯೇ ಎಂದು ಕತ್ತು ಎತ್ತುತ್ತದಲ್ಲ, ಆ ಭಂಗಿಗೆ ನಾವು ‘ಕಾನನದ ಧ್ಯಾನ’ ಎಂದು ಶೀರ್ಷಿಕೆ ಕೊಡುತ್ತೇವೆ. ಹುಳ ಮಾತ್ರ ಒಂದು ಪಟದಲ್ಲೂ ಕಾಣದಂತೆ ತಾವು ಮರೆಮಾಚುತ್ತೀರಿ. ಇಂಥ ಗುಟ್ಟು ಕಾಯುವವರು ನಮ್ಮ ನೆಂಟರಲ್ಲೂ ಇಲ್ಲ.

ಅವತ್ತು ಬಂದದ್ದು ಶಾಮ. ಇಟ್ಟಿಗೆ ಬಣ್ಣದ ಹೊಟ್ಟೆ, ನೀಳವಾದ ಕಪ್ಪು ಬಾಲ, ಬಾಲದ ಬುಡದಲ್ಲಿ ಬಿಳಿ. ಹಿಂದೆ ಜನ ಈ ಹಕ್ಕಿಯನ್ನು ಪಂಜರದಲ್ಲಿಟ್ಟು ಸಾಕುತ್ತಿದ್ದದ್ದೇ ಅದರ ಹಾಡಿಗಾಗಿ. ಅದು ತಮ್ಮ ಹೆಗಲ ಮೇಲೆ ಕೂತು ಬಾಯಿ ತೆರೆದದ್ದೇ ತಡ, ಎಂಟೂ ಕ್ಯಾಮೆರಾಗಳು ಟರ್ರೆಂದವು. ಏಳು ಜನರದು ಸೆಕೆಂಡಿಗೆ 20 ಪಟ, ನನ್ನದು 7: ಒಟ್ಟು 147. ಒಂದು ರೋಲಿಗೆ 36 ಪಟವಿದ್ದ ಕಾಲದ ಲೆಕ್ಕದಲ್ಲಿ ಒಂದೇ ಸೆಕೆಂಡಿಗೆ ನಾಲ್ಕು ರೋಲು ಮುಗಿದು ಮೂರು ಪಟ ಮಿಕ್ಕಿತು. ಹಕ್ಕಿ ಹೋದ ಮೇಲೆ ಪಕ್ಕದವರು ಸ್ಕ್ರೀನು ತೋರಿಸಿ ಪಿಸುಗುಟ್ಟಿದರು: “ಸಾಂಗ್ ಪೋಸ್ ಸಿಕ್ತು ಸಾರ್, ನಾಲಿಗೆ ಕೂಡ ಶಾರ್ಪ್.” ನನಗೂ ಸಿಕ್ಕಿತ್ತು. ಏನು ಹಾಡಿತು ಅಂತ ಮಾತ್ರ ಎಂಟರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹುಡುಗನಿಗೆ ಗೊತ್ತಿತ್ತು. “ಕಡೇಲಿ ಕಾಜಾಣದ ಕೂಗು ಸೇರಿಸ್ತು ಸಾರ್, ಅದು ಬೇರೆ ಹಕ್ಕಿಗಳ ಅಣಕ ಮಾಡ್ತದೆ” ಅಂದ. ಆ ಪರದೆಯ ಹಿಂದೆ ಹಕ್ಕಿಯನ್ನು ಬರಿಗಣ್ಣಲ್ಲಿ ನೋಡುತ್ತಿದ್ದವನು ಅವನೊಬ್ಬನೇ. ಅವನ ಮೇಲೆ ನನ್ನ ದೂರೇನೂ ಇಲ್ಲ. ಅವನಿಗೆ ಇದು ಹೊಟ್ಟೆಪಾಡು, ನಮ್ಮದು ಹವ್ಯಾಸ. ತಾವು ಯಾವ ಮರದ ಕೊಂಬೆ ಅಂತ ಕೇಳಿದೆ. ಅದು ಅವನಿಗೂ ತಿಳಿಯದು. ತಮ್ಮನ್ನು ಗೋತ್ರ ಸೂತ್ರ ಕೇಳುವಷ್ಟು ದೊಡ್ಡವನು ನಾನಲ್ಲ, ಆದರೂ ನೆಲಕ್ಕೆ ಬೀಳುವ ಮುಂಚೆ ತಮ್ಮ ಮೇಲೆ ಯಾವ ಹಕ್ಕಿ ತನ್ನಷ್ಟಕ್ಕೆ ಬಂದು ಕೂರುತ್ತಿತ್ತು ಅನ್ನುವ ಕುತೂಹಲ ಹೋಗಿಲ್ಲ.

ಈಗ ಸ್ವಲ್ಪ ಮನಸ್ಸಿಗೆ ನಾಟಿದ ಸಂಗತಿ. ತಮ್ಮ ಕೃಪೆಯಿಂದ ನನಗೊಂದು ಬಹುಮಾನ ಬಂತು. ಒಂದು ಸ್ಪರ್ಧೆಗೆ ಎರಡು ಫೋಟೊ ಕಳಿಸಿದ್ದೆ. ಒಂದು, ಮದ್ದೂರಿನ ಕಡೆ ಹೋಗುವಾಗ ಕರೆಂಟು ತಂತಿಯ ಮೇಲೆ ಕಂಡ ನೀಲಕಂಠ. ನಮ್ಮ ರಾಜ್ಯಪಕ್ಷಿ. ತಂತಿಯಿಂದ ಹೊಲಕ್ಕೆ ಇಳಿಯುವಾಗ ಅದರ ರೆಕ್ಕೆಯೊಳಗಿನ ಎರಡು ನೀಲಿ ಒಟ್ಟಿಗೇ ಬಿಚ್ಚಿಕೊಂಡಿದ್ದವು. ಅದಕ್ಕಾಗಿ ನಾಲ್ಕು ಭಾನುವಾರ ಆ ಕಂಬದ ಕೆಳಗೆ ನಿಂತಿದ್ದೆ. ಸ್ಕೂಟರು ಕೆಟ್ಟಿದೆಯೆಂದು ತಿಳಿದ ದಾರಿಹೋಕರು ಮೂರು ಸಲ ಪೆಟ್ರೋಲು ಕೊಡಲು ಬಂದಿದ್ದರು. ಎರಡನೆಯದು, ತಮ್ಮ ಮೇಲಿನ ಶಾಮ. ನೀಲಕಂಠ ಮೊದಲ ಸುತ್ತಿನಲ್ಲೇ ಬಿತ್ತು. ಕಾರಣ, ‘ಹ್ಯಾಂಡ್ ಆಫ್ ಮ್ಯಾನ್’. ಅಂದರೆ ಚಿತ್ರದಲ್ಲಿ ತಂತಿ ಇದೆ, ತಂತಿ ಮನುಷ್ಯನ ಕೈ ಕೆಲಸ, ನಿಸರ್ಗ ವಿಭಾಗಕ್ಕೆ ಮೈಲಿಗೆ. ಶಾಮಕ್ಕೆ ಸಮಾಧಾನಕರ ಬಹುಮಾನ. ‘ಅಪ್ಪಟ ನೈಸರ್ಗಿಕ ವಾತಾವರಣ’ ಎಂದು ತೀರ್ಪುಗಾರರು ಮೆಚ್ಚಿ ಬರೆದಿದ್ದರು.

ಪೂಜ್ಯರೇ, ಆ ಫೋಟೊದಲ್ಲಿ ಕ್ಲಾಂಪು ಬಿಗಿದ ಕೈ, ಹುಳ ಹಾಕಿದ ಕೈ, ನೀರು ಚಿಮುಕಿಸಿದ ಕೈ, ಪಾಚಿ ಉದುರದಂತೆ ದಾರ ಸುತ್ತಿದ ಕೈ ಎಲ್ಲ ಇದ್ದವು. ಚೌಕಟ್ಟಿನೊಳಗೆ ಮಾತ್ರ ಇರಲಿಲ್ಲ. ತಂತಿಯ ಮೇಲೆ ನೀಲಕಂಠವನ್ನು ಕೂರಿಸಿದ ಕೈ ಯಾವುದೂ ಇರಲಿಲ್ಲ, ಅದಾಗಿಯೇ ಬಂದು ಕೂತಿತ್ತು. ನಾನು ವಾದಕ್ಕಿಳಿಯಲಿಲ್ಲ. ಬಹುಮಾನದ ಹಣದಲ್ಲಿ ಟ್ರೈಪಾಡು ರಿಪೇರಿ ಮಾಡಿಸಿದೆ.

ಪ್ರದರ್ಶನಕ್ಕೆ ಹೋದಾಗ ಇನ್ನೊಂದು ಭಾಗ್ಯ ಕಾದಿತ್ತು. ಗೋಡೆಯ ಮೇಲೆ ಆರು ಚೌಕಟ್ಟುಗಳಲ್ಲಿ ತಮ್ಮ ದರ್ಶನವಾಯಿತು. ಒಂದರಲ್ಲಿ ನೆಲಸಿಳ್ಳಾರ, ಇನ್ನೊಂದರಲ್ಲಿ ಕೆಂಪು ಕೊರಳಿನ ಪಿಕಳಾರ, ಮತ್ತೊಂದರಲ್ಲಿ ಮರಕುಟಿಗ. ಆರು ಊರಿನ ಆರು ಛಾಯಾಗ್ರಾಹಕರು, ಹಕ್ಕಿ ಬೇರೆ, ಬೆಳಕು ಬೇರೆ; ಎಡಗಡೆ ಒಂಟೆಯ ಡುಬ್ಬದಂತೆ ಎದ್ದ ಆ ಗಂಟು ಮಾತ್ರ ಒಂದೇ. ಹೊಸ ಹೊಸ ಮದುಮಕ್ಕಳು ಬಂದು ಕೂತೆದ್ದು ಹೋಗುವ ಛತ್ರದ ಸಿಂಹಾಸನ ನೆನಪಾಯಿತು. ನಮ್ಮ ಮನೆಯವರು ಆರನ್ನೂ ನೋಡಿ, “ಈ ಕೊಂಬೆ ಯಾರದು, ಬಹುಮಾನ ಅವರಿಗೇ ಕೊಡಬೋದಿತ್ತಲ್ಲ” ಅಂದರು.

ಅದೇ ಸ್ಪರ್ಧೆಯಲ್ಲಿ ಗೆಳೆಯರೊಬ್ಬರ ಕೊಕ್ಕರೆ ಬೆಳ್ಳೂರಿನ ಫೋಟೊ ಕೂಡ ಬಿತ್ತು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಬಗೆಯುತ್ತಾರೆ. ಗೂಡಿನ ಕೆಳಗೆ ಹೆಂಚಿನ ಮಾಡು, ಮಾಡಿನ ಮೇಲೆ ಟಿ.ವಿ. ಡಿಶ್ಶು, ಬಾಗಿಲಲ್ಲಿ ಅಕ್ಕಿ ಆರಿಸುವ ಅಜ್ಜಿ. ಆ ಚಿತ್ರದಲ್ಲಿ ಸುಳ್ಳು ಹುಡುಕಿದರೂ ಸಿಗದು. ಫಿಯಾಪ್, ಪಿಎಸ್‌ಎ ಮುಂತಾದ ಛಾಯಾಗ್ರಹಣ ಸಂಸ್ಥೆಗಳು ನಿಸರ್ಗ ವಿಭಾಗಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ, ಮನುಷ್ಯ ಬದಲಿಸಿದ ಪರಿಸರಕ್ಕೆ ಒಗ್ಗಿಕೊಂಡ ಕೊಕ್ಕರೆಯಂಥ ಜೀವಿಗಳಿಗೆ ವಿನಾಯಿತಿಯೂ ಇದೆ. ಅದು ಇರುವುದು ಕೆಳಗಿನ ಸಾಲಿನಲ್ಲಿ. ನಮ್ಮ ತೀರ್ಪುಗಾರರು ಮೇಲಿನ ಸಾಲಿಗೇ ಕನ್ನಡಕ ತೆಗೆದಿಟ್ಟಿರಬೇಕು.

ತಮ್ಮ ಬಳಗದ ಬಗ್ಗೆಯೂ ಒಂದು ಮಾತು. ಇದನ್ನು ನಗುತ್ತ ಬರೆಯಲಾರೆ, ಕ್ಷಮಿಸಬೇಕು. ಮಳೆಗಾಲದಲ್ಲಿ ಕರಾವಳಿ, ಘಟ್ಟದ ಕಡೆ ಗುಬ್ಬಿಗಿಂತಲೂ ಚಿಕ್ಕದಾದ, ಕಾಲಿಗೆ ಮೂರೇ ಬೆರಳಿನ ಬಣ್ಣಬಣ್ಣದ ಮಿಂಚುಳ್ಳಿಯೊಂದು ಮಣ್ಣಿನ ದರೆಯಲ್ಲಿ ಬಿಲ ಕೊರೆದು ಮರಿ ಮಾಡುತ್ತದೆ. ಅಂಥ ಒಂದು ಬಿಲದ ಎದುರು ತಮ್ಮ ತಮ್ಮನೊಬ್ಬನನ್ನು ನೆಟ್ಟಿದ್ದನ್ನು ಕಂಡೆ. ಹಲ್ಲಿ ಕಚ್ಚಿಕೊಂಡು ಬಂದ ತಾಯಿಹಕ್ಕಿ ಬಿಲಕ್ಕೆ ನುಗ್ಗುವ ಮುಂಚೆ ಅವನ ಮೇಲೆ ಕೂರಲಿ ಎಂದು. ಕೂತರೆ ಟರ್ರ್. ಕೂರದೆ ಹಿಂದಿರುಗಿದರೆ ಕಾಯುವುದು. ಒಳಗೆ ಮರಿಗಳೂ ಕಾಯುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಂತೆ ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ‘ಬೇಟೆ’ಯೇ. ಅಲ್ಲಿ ಮಳೆಕೋಟು ತೊಟ್ಟು ನಿಂತಿದ್ದ ನಮ್ಮಲ್ಲಿ ಯಾರ ಕೈಯಲ್ಲೂ ಕೋವಿ ಇರಲಿಲ್ಲ. ಹೌದು, ‘ನಮ್ಮಲ್ಲಿ’ ಎಂದೇ ಬರೆದೆ. ನಾನು ಹನ್ನೊಂದು ಪಟ ತೆಗೆದು ಆಮೇಲೆ ಹೊರಟವನು.

ಹಳಬರೆಲ್ಲ ಸನ್ಯಾಸಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಅವರ ಕಾಲದಲ್ಲೂ ಬಟ್ಟೆಯ ಮರೆ ಕಟ್ಟಿ ಕೂರುತ್ತಿದ್ದರು, ಗೂಡಿನ ಮುಂದೆಯೂ ಕೂರುತ್ತಿದ್ದರು. ಆದರೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಅವರ ಕಪ್ಪುಬಿಳುಪು ಚಿತ್ರಗಳನ್ನೋ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ಚಿತ್ರಗಳನ್ನೋ, ಮೂಡಿಗೆರೆಯ ತೋಟದಲ್ಲಿ ಕೂತು ತೇಜಸ್ವಿ ತೆಗೆದ ಹಕ್ಕಿಗಳನ್ನೋ ನೋಡಿದರೆ ಕೊಂಬೆಗಳು ಒಂದರಂತೆ ಒಂದಿಲ್ಲ. ಒಣಗಿದ್ದು, ಮುರಿದದ್ದು, ಹುಳ ತಿಂದ ಎಲೆಯದ್ದು. ತಮ್ಮಂಥ ಸ್ಫುರದ್ರೂಪಿ ಕೊಂಬೆ ಆ ಮಹನೀಯರಿಗೆ ಸಿಗಲಿಲ್ಲವಲ್ಲ ಎಂಬ ಮರುಕ ನನ್ನದು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ತಮ್ಮನ್ನು ಅಗಲಿರಲಾರದೆ, ವಾಪಸು ಬರುವಾಗ ಪಾಚಿ ಹಿಡಿದ ಕೊಂಬೆಯೊಂದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬಂದು ಹಿತ್ತಿಲಲ್ಲಿ ಕ್ಲಾಂಪು ಹಾಕಿ ನಿಲ್ಲಿಸಿದೆ. ಮಂಡ್ಯದ ಬಿಸಿಲಿಗೆ ಮೂರೇ ದಿನದಲ್ಲಿ ಪಾಚಿ ತಂಬಾಕಿನಂತಾಯಿತು. ಅಕ್ವೇರಿಯಂ ಅಂಗಡಿಯಿಂದ ಪ್ಲಾಸ್ಟಿಕ್ ಪಾಚಿ ತಂದು ಸುತ್ತಿದೆ. ಹುಳ ಹಾಕಿದೆ. ಮೊದಲ ದಿನ ಕಾಗೆ ಬಂತು, ಎರಡನೇ ದಿನ ಓತಿಕ್ಯಾತ, ಮೂರನೇ ದಿನ ಪಕ್ಕದ ಮನೆಯವರು ಅದರ ಮೇಲೆ ಪಂಚೆ ಒಣಗಹಾಕಿದರು. ನಾನು ಪಂಚೆ ಸರಿಸಿ ಫೋಕಸ್ ಮಾಡುತ್ತಿದ್ದಾಗ ನೆತ್ತಿಯ ಮೇಲಿನ ಕೇಬಲ್ಲಿನಿಂದ ಕರಕರ ಸದ್ದು ಬಂತು. ನೀಲಕಂಠ. ಕ್ಯಾಮೆರಾ ಕೊಂಬೆಯ ಕಡೆಗಿತ್ತು. ಅದನ್ನು ತಿರುಗಿಸುವಷ್ಟರಲ್ಲಿ ಆ ಎರಡು ನೀಲಿ ಪಂಚೆಯ ಮೇಲಿಂದ ಹಾದು ತೆಂಗಿನ ತೋಟ ಸೇರಿದವು.

ಆದ್ದರಿಂದ ತಮ್ಮಲ್ಲಿ ವಿನಮ್ರ ಬಿನ್ನಹ. ವರ್ಷಕ್ಕೆ ಹತ್ತು ದಿನವಾದರೂ ರಜೆ ತೆಗೆದುಕೊಳ್ಳಿ. ಸ್ಟ್ಯಾಂಡಿನಿಂದ ಇಳಿದು ಸ್ವಲ್ಪ ಕಾಲ ನೆಲದ ಮೇಲೆ ಮಲಗಿ. ಗೆದ್ದಲು ಹತ್ತಲಿ, ಅಣಬೆ ಏಳಲಿ, ಎರಡು ಒಣ ಎಲೆ ಮೈಮೇಲೆ ಬೀಳಲಿ. ಆಗ ಯಾವುದಾದರೂ ಹಕ್ಕಿ ಬಂದು ಕೂತರೆ ನಮಗೆ ಹೇಳಬೇಡಿ.

ಇಂತಿ ತಮ್ಮ ವಿಧೇಯ,
ಏಳನೇ ಕುರ್ಚಿಯವನು

ತಾ.ಕ.: ಮುಂದಿನ ಶನಿವಾರಕ್ಕೆ ಬುಕ್ಕಿಂಗ್ ಆಗಿದೆ, ಅಡ್ವಾನ್ಸೂ ಕಟ್ಟಿದ್ದೇನೆ. ಚಳಿಗಾಲ ಕಳೆಯಲು ಉತ್ತರದಿಂದ ಇಳಿದ ನವರಂಗ ಈಗ ದಿನಾ ಬೆಳಿಗ್ಗೆ ತಮ್ಮ ಬುಡಕ್ಕೆ ಬರುತ್ತಿದೆಯಂತೆ. ಪಾಚಿ ಒದ್ದೆಯಾಗಿರಲಿ. ಆ ಏಳನೇ ಕುರ್ಚಿಯ ಒಂದು ಕಾಲು ಕುಂಟುತ್ತದೆ, ಹುಡುಗನಿಗೆ ಹೇಳಿ ಬದಲಾಯಿಸಬೇಕಾಗಿ ಪ್ರಾರ್ಥನೆ.