ಕಣ್ಣು ಮುಚ್ಚಿದರೆ ಸಾಲದು

ಯುದ್ಧದ ಸಿನಿಮಾದಲ್ಲಿ ಗುಂಡಿನ ಸದ್ದು ಶುರುವಾದರೆ ಸಾಕು, ನಮ್ಮ ಮನೆಯಾಕೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ. "ಮುಗೀತೇನ್ರೀ? ಎಲ್ಲಾ ಸತ್ರಾ?" ಎಂದು ಸೆರಗಿನೊಳಗಿಂದಲೇ ವಿಚಾರಣೆ. "ಇನ್ನೂ ಇಬ್ಬರಿದ್ದಾರೆ, ತಾಳು" ಎಂದು ನಾನು ವೀಕ್ಷಕ ವಿವರಣೆ ಕೊಡುತ್ತೇನೆ. ಕಣ್ಣಿನ ಬದಲು ಕಿವಿ ಮುಚ್ಚಿಕೊಂಡಿದ್ದರೆ ಅವಳ ಅರ್ಧ ಭಯ ಅಲ್ಲೇ ಇಳಿಯುತ್ತಿತ್ತು. ಆದರೆ ಮನೆಯಲ್ಲಿ ನನ್ನ ಸಿನಿಮಾ ಜ್ಞಾನಕ್ಕೆ ಅಷ್ಟೊಂದು ಬೆಲೆಯಿಲ್ಲ.

ನಮ್ಮ ತಲೆಮಾರು ಬೆಳೆದದ್ದು ಬೇರೆ ಥರದ ಯುದ್ಧ ನೋಡುತ್ತ. ದೂರದರ್ಶನದ ಮಹಾಭಾರತದಲ್ಲಿ ಎರಡು ಬಾಣಗಳು ಆಕಾಶದಲ್ಲಿ ಎದುರುಬದುರಾಗಿ, ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ಡಿಕ್ಕಿ ಹೊಡೆಯುತ್ತಿದ್ದವು. ಸಿನಿಮಾ ನಾಯಕನ ಎದೆಗೆ ಗುಂಡು ಹೊಕ್ಕರೂ ತಾಯಿಗೆ, ತಾಯ್ನಾಡಿಗೆ, ಹೆಂಡತಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವಷ್ಟು ಉಸಿರು ಉಳಿದಿರುತ್ತಿತ್ತು. ಸಾವಿಗೂ ಒಂದು ಸಭಾಮರ್ಯಾದೆ ಇತ್ತು. 1998ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ‘ಸೇವಿಂಗ್ ಪ್ರೈವೇಟ್ ರಯಾನ್’ ತೆಗೆದರು. ಅಲ್ಲಿ ದೋಣಿಯ ಬಾಗಿಲು ಬೀಳುತ್ತಲೇ ಮುಂದಿನ ಸಾಲಿನವರು ಹೆಣವಾಗುತ್ತಾರೆ. ಅವರ ಹೆಸರೇನು, ಊರಲ್ಲಿ ಯಾರು ಕಾಯುತ್ತಿದ್ದಾರೆ ಎಂದು ಕೇಳಲೂ ಪುರುಸೊತ್ತಿಲ್ಲ.

ಆ ದೃಶ್ಯದ ಕಡಲತೀರ, ಅಂದರೆ 1944ರ ಜೂನ್ 6ರಂದು ಅಮೆರಿಕದ ಸೈನ್ಯ ಇಳಿದ ಒಮಾಹಾ, ಇರುವುದು ಫ್ರಾನ್ಸಿನ ನಾರ್ಮಂಡಿಯಲ್ಲಿ. ಚಿತ್ರೀಕರಣ ನಡೆದದ್ದು ಐರ್ಲೆಂಡಿನ ವೆಕ್ಸ್‌ಫರ್ಡ್‌ನಲ್ಲಿ. ಸಾಯುವ ಕೆಲಸಕ್ಕೆ ಬಂದವರಲ್ಲಿ ಬಹಳಷ್ಟು ಜನ ಐರಿಷ್ ಮೀಸಲು ಪಡೆಯ ಹುಡುಗರು. ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ ಲೆನ್ಸುಗಳ ಮೇಲಿನ ಲೇಪವನ್ನೇ ತೆಗೆಸಿಹಾಕಿದರು. ಒಳಗೆ ಬಂದ ಬೆಳಕು ಚದುರದಂತೆ ತಡೆಯುವ ಲೇಪ ಅದು. ದುಬಾರಿ ಲೆನ್ಸನ್ನು ಹೀಗೆ ಬೋಳಿಸುವುದನ್ನು ನಮ್ಮೂರಿನ ಮದುವೆ ಫೋಟೋಗ್ರಾಫರ್ ಕಂಡಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತಿದ್ದ.

ಆಮೇಲೆ ಷಟರ್. ಸಿನಿಮಾ ಕ್ಯಾಮೆರಾದಲ್ಲಿ ತಿರುಗುವ ಷಟರ್ ಸಾಮಾನ್ಯವಾಗಿ 180 ಡಿಗ್ರಿ ತೆರೆದಿರುತ್ತದೆ. ಒಂದೊಂದು ಫ್ರೇಮಿಗೂ ಸೆಕೆಂಡಿನ 48ನೇ ಒಂದು ಭಾಗ ಬೆಳಕು. ಓಡುವವನ ಕೈಕಾಲು ಕೊಂಚ ಮಸುಕಾಗಿ, ಚಲನೆ ನಯವಾಗಿ ಸಾಗುತ್ತದೆ. ಕಮಿನ್‌ಸ್ಕಿ ಅದನ್ನು 90ಕ್ಕೆ, ಕೆಲವು ಕಡೆ 45ಕ್ಕೆ ಇಳಿಸಿದರು. 45ರಲ್ಲಿ ಸಿಗುವುದು ಸೆಕೆಂಡಿನ 192ನೇ ಒಂದು ಭಾಗ ಮಾತ್ರ. ಮಸುಕು ಮಾಯ. ಸ್ಫೋಟಕ್ಕೆ ಎದ್ದ ಮರಳು ಮೋಡದಂತೆ ಕಾಣದೆ ಕಣಕಣವಾಗಿ ಉದುರುತ್ತದೆ; ಮನುಷ್ಯರು ತುಂಡುತುಂಡಾಗಿ ಓಡುತ್ತಾರೆ. ಏನೋ ಎಡವಟ್ಟಾಗಿದೆ ಎಂದು ಕಣ್ಣಿಗೆ ತಿಳಿಯುತ್ತದೆ, ಏನೆಂದು ಬುದ್ಧಿಗೆ ಹೊಳೆಯುವುದಿಲ್ಲ. ಸಾಲದ್ದಕ್ಕೆ ಫಿಲ್ಮ್ ಸಂಸ್ಕರಿಸುವಾಗ ಬಣ್ಣವನ್ನೂ ಇಳಿಸಿದರು. ಒಳ್ಳೆಯ ಕ್ಯಾಮೆರಾದಿಂದ ಕೆಟ್ಟ ಚಿತ್ರ ತೆಗೆಯಲು ಇಷ್ಟು ಬೆವರು ಸುರಿಸಿದವರು ವಿರಳ. ಇದಕ್ಕೆ ದಾರಿ ತೋರಿದ್ದು ರಾಬರ್ಟ್ ಕಾಪಾ ಅಂದು ಒಮಾಹಾದಲ್ಲೇ ನಿಂತು ತೆಗೆದ, ಅಲುಗಾಡಿ ಮಸುಕಾದ ಕೆಲವೇ ಫೋಟೋಗಳು.

ನಟರನ್ನೂ ಬಿಡಲಿಲ್ಲ. ಡೇಲ್ ಡೈ ಎಂಬ ನಿವೃತ್ತ ಮರೀನ್ ಕ್ಯಾಪ್ಟನ್ ಅವರನ್ನೆಲ್ಲ ಕೆಸರಿನಲ್ಲಿ ಹೊರಳಾಡಿಸಿ ತರಬೇತಿ ಕೊಟ್ಟರು. ರಯಾನ್ ಪಾತ್ರದ ಮ್ಯಾಟ್ ಡೇಮನ್‌ಗೆ ಮಾತ್ರ ವಿನಾಯಿತಿ: ಉಳಿದವರಿಗೆ ಅವರ ಮೇಲೆ ನಿಜವಾಗಿಯೇ ಹೊಟ್ಟೆ ಉರಿಯಲಿ ಎಂದು! ನಮ್ಮ ಕಚೇರಿಗಳಲ್ಲಿ ಇದಕ್ಕೆ ಪ್ರತ್ಯೇಕ ಏರ್ಪಾಡು ಬೇಕಾಗುವುದಿಲ್ಲ.

ಇನ್ನು ಕಿವಿಯ ವಿಚಾರ. ಆ ದಾಳಿಯುದ್ದಕ್ಕೂ ಹಿನ್ನೆಲೆ ಸಂಗೀತವಿಲ್ಲ. ಪಿಟೀಲು ಕೇಳಿದರೆ ಅಳಬೇಕೆಂದು ನಮಗೆ ಗೊತ್ತು, ನಗಾರಿ ಕೇಳಿದರೆ ಎದೆಯುಬ್ಬಿಸಬೇಕೆಂದೂ ಗೊತ್ತು. ಏನೂ ಇಲ್ಲದಿದ್ದರೆ ಏನು ಮಾಡಬೇಕೆಂದು ತೋಚುವುದಿಲ್ಲ. ನಡುವೆ ನಾಯಕನಟ ಟಾಮ್ ಹ್ಯಾಂಕ್ಸ್ ಕಿವಿ ಮಂಕಾಗುತ್ತದೆ, ಜೊತೆಗೆ ನಮ್ಮದೂ. ಬಾಯಿಗಳು ಆಡುತ್ತವೆ, ಮಾತಿಲ್ಲ. ಸೋವಿಯತ್ ನಿರ್ದೇಶಕ ಎಲೆಮ್ ಕ್ಲಿಮೊವ್ 1985ರ ‘ಕಮ್ ಅಂಡ್ ಸೀ’ಯಲ್ಲಿ ಇದನ್ನು ಮೊದಲೇ ಮಾಡಿದ್ದರು: ಬಾಂಬು ಬಿದ್ದ ಮೇಲೆ ಹುಡುಗನ ಕಿವಿಯ ಗುಂಯ್‌ಗುಡುವಿಕೆ ನಮ್ಮ ಕಿವಿಯಲ್ಲೂ. ಸದ್ದು ತುಂಬಿಸುವವರು ಮೂಳೆ ಮುರಿಯುವ ಸದ್ದಿಗೆ ಸೆಲೆರಿ ಸೊಪ್ಪಿನ ದಂಟು ಮುರಿಯುತ್ತಾರೆ. ಸೆರಗಿನೊಳಗೆ ನಡುಗಿದವರನ್ನು ನಡುಗಿಸಿದ್ದು ಬಹುಶಃ ತರಕಾರಿ.

ಸುಳ್ಳು ಹೀಗೆ ಪಳಗಿದರೆ ನಿಜಕ್ಕೇ ಕಷ್ಟ. 1916ರ ‘ದಿ ಬ್ಯಾಟಲ್ ಆಫ್ ದಿ ಸೋಮ್’ ಸಾಕ್ಷ್ಯಚಿತ್ರವನ್ನು ಬ್ರಿಟನ್ನಿನ ಜನ ಮುಗಿಬಿದ್ದು ನೋಡಿದರು. ಸೈನಿಕರು ಕಂದಕದಿಂದ ಮೇಲೇರುವ ಅದರ ಪ್ರಸಿದ್ಧ ದೃಶ್ಯವನ್ನು ತೆಗೆದದ್ದು ರಣರಂಗದಿಂದ ದೂರದಲ್ಲಿ, ನಟನೆ ಮಾಡಿಸಿ. 1966ರ ‘ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್’ ಕಥೆ ಉಲ್ಟಾ. ಜೀಲೋ ಪೊಂಟೆಕೊರ್ವೊ ಎಲ್ಲವನ್ನೂ ಹೊಸದಾಗಿ ಚಿತ್ರಿಸಿದ್ದರು, ಆದರೂ ಸಮಾಚಾರ ಚಿತ್ರದ ತುಣುಕು ಒಂದು ಅಡಿಯೂ ಇದರಲ್ಲಿಲ್ಲ ಎಂದು ಅಮೆರಿಕದಲ್ಲಿ ಪ್ರಕಟಣೆ ಹಾಕಬೇಕಾಯಿತು. ಕಟ್ಟಿದ್ದನ್ನು ಜನ ನಂಬಿದರು, ಕಟ್ಟಿದ್ದು ಅಂದರೆ ನಂಬಲಿಲ್ಲ.

‘ರಯಾನ್’ ಬಿಡುಗಡೆಯಾದಾಗ, ಅದನ್ನು ನೋಡಿ ಕಂಗೆಟ್ಟ ಮಾಜಿ ಸೈನಿಕರಿಗಾಗಿ ಅಮೆರಿಕದ ಸರ್ಕಾರಿ ಇಲಾಖೆಯೇ ಉಚಿತ ಸಹಾಯವಾಣಿ ತೆರೆಯಿತು. ಇನ್ನೂ ನೋಡಿಲ್ಲದವರು ಮಕ್ಕಳು ಮಲಗಿದ ಮೇಲೆ ನೋಡಿ. ಮೊಬೈಲಿನಲ್ಲಿ ಮಾತ್ರ ಬೇಡ, ದಯವಿಟ್ಟು.