ನಾಲ್ಕು ಹನಿ ಮಳೆಗೆ ಕಳಸದಿಂದೊಂದು ಅರ್ಜಿ

ಟ್ಯಾಕ್ಸಿ ಆ್ಯಪಿನೊಳಗೆ ಕೂತು ದರ ಕಟ್ಟುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಕಳಸದ ಕಾಫಿ ತೋಟದ ಅರ್ಜಿದಾರ ಮಾಡಿಕೊಳ್ಳುವ ಅರಿಕೆ. ಸಾಷ್ಟಾಂಗ ನಮಸ್ಕಾರವನ್ನು ಸದ್ಯಕ್ಕೆ ಮುಂದೂಡಲಾಗಿದೆ; ವಿಮಾನ ನಿಲ್ದಾಣದ ಪಿಕಪ್ ಜಾಗದಲ್ಲಿ ಒಂದೂಕಾಲು ಗಂಟೆ ನಿಂತು ಅವನ ಸೊಂಟ ಹಿಡಿದಿದೆ.

ಮೊನ್ನೆ ರಾತ್ರಿ ಅರ್ಜಿದಾರ, ಅವನ ಮಂಡಿನೋವಿನ ಅಮ್ಮ, ಎರಡು ಸೂಟ್‌ಕೇಸು ಪುಣೆಯಿಂದ ಬಂದು ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಲ್ಲಿ ಇಳಿದರು. ಮೆಜೆಸ್ಟಿಕ್‌ನಿಂದ ಕಳಸದ ಬಸ್ಸಿಗೆ ಸೀಟು ಬುಕ್ ಆಗಿತ್ತು. ರಾಜ್ಯ ಸರ್ಕಾರ 2024ರಲ್ಲಿ ಗೊತ್ತುಮಾಡಿದ ಏಕರೂಪ ಟ್ಯಾಕ್ಸಿ ದರದ ಪ್ರಕಾರ 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಮೆಜೆಸ್ಟಿಕ್ಕಿಗೆ ದಾರಿ 36 ಕಿ.ಮೀ. ಎಂದು ಹಿಡಿದರೆ 868 ರೂಪಾಯಿ, ಟೋಲು ಬೇರೆ. ಮಹಾಶಯರ ಪರದೆ 1,390 ಎಂದಿತು. ಅಮ್ಮನಿಗೆ ಓದಿ ಹೇಳುವಷ್ಟರಲ್ಲಿ 1,460. ಕಾರಣ, ಮಳೆ.

ಬಿದ್ದದ್ದು ನಾಲ್ಕು ಹನಿ. ಮಲೆನಾಡಿನಲ್ಲಿ ಈ ಲೆಕ್ಕ ನಡೆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳಸದವರು ಬಚ್ಚಲಿಗೆ ಹೋಗಲೂ ಸಾಲ ಎತ್ತಬೇಕು.

ಇಬ್ಬರು ಚಾಲಕರು ಒಪ್ಪಿಕೊಂಡು ಕೈಕೊಟ್ಟರು. ಮೂರನೆಯವರು ಬಂದವರೇ, "ಸಾರ್, ನಿಮಗೆ ಎಷ್ಟು ತೋರಿಸ್ತಿದೆ?" ಎಂದರು. 1,460. ಅವರು ತಮ್ಮ ಒಡೆದ ಗಾಜಿನ ಫೋನನ್ನು ಹಿಂದಕ್ಕೆ ತಿರುಗಿಸಿ ಹಿಡಿದರು: 910.

ನಡುವಿನ 550 ರೂಪಾಯಿ ಯಾರ ತೋಟಕ್ಕೆ ಗೊಬ್ಬರವಾಯಿತು? ಟೋಲು ಕಳೆಯಿರಿ, ತೆರಿಗೆ ಕಳೆಯಿರಿ, ಇನ್ನೂ ಉಳಿಯುತ್ತದೆ. ಮಳೆಯಲ್ಲಿ ಗಾಡಿ ಓಡಿಸಿದವರಿಗೆ ಸಿಗಲಿಲ್ಲ, ಮಳೆಯಲ್ಲಿ ನಿಂತವರಿಗಂತೂ ಇಲ್ಲ. ಹಾಗಾದರೆ ಮಳೆ ಬಂದದ್ದು ಯಾರಿಗೆ ಸ್ವಾಮಿ? ಇದಕ್ಕೆ ನಯವಾದ ಹೆಸರೇನೇ ಇರಲಿ, ನಮ್ಮ ಕಡೆ ಇದನ್ನು ಕಿತ್ತು ತಿನ್ನುವುದು ಎನ್ನುತ್ತಾರೆ.

ಮೂಡಿಗೆರೆಯ ಟ್ಯಾಕ್ಸಿಯವರೂ ಧರ್ಮಾತ್ಮರೇನಲ್ಲ. ಖಾಲಿ ವಾಪಸಾಗುವ ಕಿಲೋಮೀಟರನ್ನೂ ಗಿರಾಕಿಯ ತಲೆಗೇ ಕಟ್ಟಿ, ಮೇಲೆ ಬಾಟಾ ಕೇಳುತ್ತಾರೆ. ಆದರೆ ಅದನ್ನು ಮನೆಯ ಅಂಗಳದಲ್ಲೇ ಹೇಳುತ್ತಾರೆ. ಚಾರ್ಮಾಡಿಯಲ್ಲಿ ಮಂಜು ಕವಿಯಿತೆಂದು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಮುಟ್ಟುವುದರೊಳಗೆ ರೇಟು ಬದಲಿಸುವುದಿಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರಿಂದ ವಿಮಾನ ಇಳಿಯುತ್ತಿದೆ ನಿಜ. ಅರ್ಜಿದಾರ ಹೋಗಬೇಕಾದ ಪುಣೆ ಮಾತ್ರ ಅಲ್ಲಿಗೆ ಬಂದು ಕಾಯುವುದಿಲ್ಲ.

ಮೆಜೆಸ್ಟಿಕ್ ಮುಟ್ಟಿದಾಗ ಕಳಸದ ಬಸ್ಸು ಹೊರಟು ಹತ್ತು ನಿಮಿಷವಾಗಿತ್ತು. ಅಮ್ಮ ಬೆಂಚಿನ ಮೇಲೆ ಕೂತು ಸೀರೆಯ ಅಂಚು ಮುಟ್ಟಿ ನೋಡಿಕೊಂಡರು. "ಮಳೆ ಎಲ್ಲಿ ಬಂತೋ ಮಾರಾಯ, ಅಂಚೂ ಒದ್ದೆಯಾಗಿಲ್ಲ."

ದೇವನಹಳ್ಳಿ ನಿಲ್ದಾಣದಿಂದ ಮೈಸೂರಿಗೆ, ಮಡಿಕೇರಿಗೆ ಫ್ಲೈಬಸ್ ಓಡಿಸುವ ಕೆಎಸ್‌ಆರ್‌ಟಿಸಿಯವರಿಗೂ ಈ ಪತ್ರದ ಪ್ರತಿ ಕಳಿಸಿದೆ. ಕೊಟ್ಟಿಗೆಹಾರದ ತನಕ ಒಂದು ಬಸ್ಸು ಬಿಡಿ. ಅಲ್ಲಿಂದ ಮುಂದೆ ಎಷ್ಟೇ ಮಳೆ ಹೊಯ್ದರೂ ಅರ್ಜಿದಾರ ಹೇಗೋ ಮನೆ ಸೇರಿಕೊಳ್ಳುತ್ತಾನೆ.

ಇಂತಿ,
ನೆನೆಯದೆಯೇ ಮಳೆಯ ದುಡ್ಡು ತೆತ್ತ ಅರ್ಜಿದಾರ