ಬೈಯಲಿಕ್ಕೆ ಒಂದು ಸರ್ಕಾರ

ನಮ್ಮ ಧಾರವಾಡದ ಕಡೆ ಸರ್ಕಾರಗಳು ಬೆಂಗಳೂರಿನಲ್ಲಿ ಬೀಳುವ ಮುಂಚೆಯೇ ಚಹಾದಂಗಡಿಯಲ್ಲಿ ಬಿದ್ದಿರುತ್ತವೆ. ಒಂದು ಪ್ಲೇಟು ಗಿರ್ಮಿಟ್ ಮುಗಿಯುವುದರೊಳಗೆ ಮಂತ್ರಿಮಂಡಲ ಉರುಳುತ್ತದೆ, ಬಿಸಿ ಮಿರ್ಚಿ ಬಂದ ಮೇಲೆ ಹೊಸದು ರಚನೆಯಾಗುತ್ತದೆ. ಹೀಗೊಂದು ಸಂಜೆ ಕಾಲೇಜು ಹುಡುಗನೊಬ್ಬ, “ಇಷ್ಟ ಬೈತೀರಲ್ರೀ ಕಾಕಾ, ಈ ಸರಕಾರ ಅನ್ನೂದು ಮೊದಲಿಗೆ ಯಾಕ ಹುಟ್ಟಿತು?” ಎಂದು ಕೇಳಿದ. ನಿವೃತ್ತ ಮಾಸ್ತರರೊಬ್ಬರು ಬಸಿಯಲ್ಲಿದ್ದ ಚಹಾ ಸೊರ್ರೆಂದು ಎಳೆದು, “ಬೈಯಾಕ ಒಬ್ಬಾಂವ ಬೇಕಲ್ಲೋ ತಮ್ಮಾ. ಮಳಿಗೆ ಬೈದರ ಅದಕ್ಕ ಕಿವಿ ಇಲ್ಲ, ದೇವರಿಗೆ ಬೈದರ ಪಾಪ ಬರ್ತದ” ಎಂದರು.

ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಬರಲಿಕ್ಕಿಲ್ಲ. ಅಲ್ಲಿ ಹಾಬ್ಸ್ ಬೇಕು, ರೂಸೋ ಬೇಕು. ರಾಜ್ಯವಿಲ್ಲದಿದ್ದರೆ ಮನುಷ್ಯರು ಒಬ್ಬರ ಕುತ್ತಿಗೆ ಒಬ್ಬರು ಹಿಚುಕುತ್ತಾರೆ, ಆ ಭಯಕ್ಕೇ ಎಲ್ಲರೂ ಸೇರಿ ಒಬ್ಬನ ಕೈಗೆ ಕತ್ತಿ ಕೊಟ್ಟರು ಎಂದು ಹಾಬ್ಸ್ 1651ರಲ್ಲಿ ಬರೆದ. ರೂಸೋ 1762ರಲ್ಲಿ ಒಪ್ಪಂದದ ಮಾತನ್ನೇ ಇನ್ನೊಂದು ರೀತಿಯಲ್ಲಿ ಹೇಳಿದ. ಆ ಒಪ್ಪಂದಕ್ಕೆ ಸಹಿ ಹಾಕಿದವರನ್ನು ಮಾತ್ರ ಯಾರೂ ಕಂಡಿಲ್ಲ. ಸ್ಟಾಂಪ್ ಪೇಪರ್ ಕೊಂಡದ್ದಕ್ಕೆ ದಾಖಲೆಯೂ ಇಲ್ಲ.

ನಮ್ಮಲ್ಲಿ ದಾಖಲೆ ಇದೆ. ಹುಬ್ಬಳ್ಳಿಯಿಂದ ಬಸ್ಸು ಹತ್ತಿದರೆ ಒಂದೆರಡು ತಾಸಿನಲ್ಲಿ ಲಕ್ಷ್ಮೇಶ್ವರ, ಹಳೆಯ ಪುಲಿಗೆರೆ. ಅಲ್ಲಿ ಸಿಕ್ಕ ಕಂಬದ ಶಾಸನ ಸುಮಾರು 725ರದ್ದು, ಅಂದರೆ ಹಾಬ್ಸ್ ಹುಟ್ಟುವ ಎಂಟುನೂರು ವರ್ಷಕ್ಕೂ ಮುಂಚಿನದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಊರಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಬರೆದುಕೊಟ್ಟ ಕಟ್ಟಳೆ ಅದು. ಅರಮನೆಯ ನೌಕರರು ಏನೇನನ್ನು ಕಾಪಾಡಬೇಕು ಎಂಬುದು ಅದರಲ್ಲಿದೆ: ಆಳಿಲ್ಲದ ಮನೆ, ಅರಸ ಕೊಟ್ಟ ದತ್ತಿ, ಹಿಂದಿನಿಂದ ಅನುಭವಿಸುತ್ತ ಬಂದ ಆಸ್ತಿ, ತಾಮ್ರಪಟದ ಮಾತು, ಊರಿನ ಮರ್ಯಾದೆ. ಜನ ಏನು ಕೊಡಬೇಕು ಎಂಬುದೂ ಇದೆ. ಮನೆಯ ಸ್ಥಿತಿ ನೋಡಿ ತೆರಿಗೆ, ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ. ನನಗೆ ಇದರಲ್ಲಿ ಹಿಡಿಸಿದ್ದು ಯುವರಾಜನ ಔದಾರ್ಯವಲ್ಲ. ನೌಕರರ ಕೆಲಸವನ್ನು ಕಲ್ಲಿನಲ್ಲಿ ಕೊರೆಸಿ ಊರ ನಡುವೆ ನಿಲ್ಲಿಸಬೇಕಾಯಿತು ಎಂದರೆ, ಅದಕ್ಕೂ ಮುಂಚೆ ಆ ನೌಕರರು ಏನೇನು ಮಾಡುತ್ತಿದ್ದಿರಬೇಕು! ಮಹಾಜನರು ಎಷ್ಟು ಸಲ ಹೋಗಿ ತಕರಾರು ಹೇಳಿರಬೇಕು! ಓಲೆಗರಿಯಲ್ಲಿ ಬರೆದುಕೊಟ್ಟರೆ ಕಳೆದುಹೋಯಿತು ಅಂತಾರೆ, ಕಲ್ಲಿಗೇ ಹಾಕಿಸಿರಿ ಎಂದು ಪಟ್ಟು ಹಿಡಿದ ಒಬ್ಬ ಮುದುಕ ಅಲ್ಲಿ ಇದ್ದೇ ಇರುತ್ತಾನೆ ಎಂದು ನನ್ನ ಊಹೆ.

ರಾಜ್ಯ ಹುಟ್ಟಿದ್ದು ಒಪ್ಪಂದದಿಂದಲ್ಲ, ಲೂಟಿಯಿಂದ ಎನ್ನುವವರೂ ಇದ್ದಾರೆ. ನಮ್ಮ ಸೀಮೆಯ ತುರುಗೊಳ್, ಅಂದರೆ ದನಗಳ್ಳತನದ ಕಾಳಗದ, ವೀರಗಲ್ಲುಗಳನ್ನು ನೋಡಿದರೆ ಅದನ್ನೂ ತಳ್ಳಿಹಾಕುವಂತಿಲ್ಲ. ದನ ಹೊಡಕೊಂಡು ಹೋದವನು ಮುಂದಿನ ವರ್ಷ ಬಂದು, “ಬೇರೆಯವರು ಹೊಡಕೊಂಡು ಹೋಗದಂಗ ಕಾಯ್ತೀನಿ, ವರ್ಷಕ್ಕಿಷ್ಟು ಕೊಡ್ರಿ” ಎಂದರೆ ಅವನೇ ದೊರೆ. ಕುಂಪಣಿಯವರು ಇನ್ನೂ ನಾಜೂಕು. ಕಿತ್ತೂರಿನ ದತ್ತಕ ನಮಗೆ ಒಪ್ಪಿಗೆಯಿಲ್ಲ ಎಂದರು, ಅಷ್ಟೆ. ಆ ನಾಜೂಕಿನ ಬೆನ್ನ ಹಿಂದೆ ತೋಪು ತಂದ ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲೇ ಬಿದ್ದ. ಅವನ ಸ್ಮಾರಕ ಇನ್ನೂ ಧಾರವಾಡದಲ್ಲಿದೆ.

ಆಮೇಲಿನ ನೂರು ವರ್ಷ ನಮ್ಮ ಸುತ್ತ ಸರ್ಕಾರಗಳಿಗೇನೂ ಬರವಿರಲಿಲ್ಲ. ಹುಬ್ಬಳ್ಳಿ-ಧಾರವಾಡ ಮುಂಬಯಿ ಪ್ರಾಂತ. ಪಕ್ಕದ ಕುಂದಗೋಳ ಜಮಖಂಡಿ ಸಂಸ್ಥಾನ, ಶಿರಹಟ್ಟಿ ಸಾಂಗ್ಲಿ, ಲಕ್ಷ್ಮೇಶ್ವರ ಮೀರಜ್, ಸವಣೂರಿಗೊಬ್ಬ ನವಾಬ. ಕೊಪ್ಪಳಕ್ಕೆ ಹೋದರೆ ನಿಜಾಮ, ಹರಿಹರ ಮುಟ್ಟಿದರೆ ಮೈಸೂರು ಮಹಾರಾಜ. ಬೀಗರ ಮನೆಗೆ ಹೋಗಿ ಉಂಡು ಬರುವುದರೊಳಗೆ ಎರಡು ಮೂರು ಸರ್ಕಾರ ದಾಟಿ ಬರಬೇಕು. ಇಷ್ಟು ಸರ್ಕಾರಗಳಿದ್ದೂ ನಮ್ಮವರಿಗೆ ಸಾಲದೆ ಕನ್ನಡದ್ದೇ ಇನ್ನೊಂದು ಬೇಕೆನಿಸಿತಲ್ಲ, ಅದು ಯಾಕೆ? 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ತಂದರು. ಅವರೆಲ್ಲ ವೈಭವ, ಐಕ್ಯ ಎಂದು ದೊಡ್ಡ ಮಾತಾಡಿದರು, ನಿಜ. ನನಗೆ ಮಾತ್ರ ಮಾಸ್ತರರ ಕಾರಣವೂ ಒಳಗೆ ಸೇರಿಕೊಂಡಿತ್ತು ಅನಿಸುತ್ತದೆ. ಮುಂಬಯಿಯ ಸಾಹೇಬರಿಗೆ ಬೈಯಬೇಕೆಂದರೆ ಇಂಗ್ಲಿಷ್ ಬೇಕು, ಸಂಸ್ಥಾನಿಕರಿಗೆ ಮರಾಠಿ, ನಿಜಾಮನ ಕಚೇರಿಗೆ ಉರ್ದು. ಇಂಗ್ಲಿಷಿನಲ್ಲಿ ಬೈದರೆ ಅದು ವಿನಂತಿಯ ಹಾಗೆ ಕೇಳಿಸುತ್ತದೆ. ಬೈಸಿಕೊಳ್ಳುವವನಿಗೆ ಕನ್ನಡ ತಿಳಿದಿರಬೇಕು ಎನ್ನುವುದು ಸಣ್ಣ ಬೇಡಿಕೆಯಲ್ಲ.

ಆ ಬೇಡಿಕೆಗೆ ಹುಬ್ಬಳ್ಳಿ ಮಗ್ಗುಲಿನ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು 1953ರಲ್ಲಿ ಅನ್ನ ಬಿಟ್ಟು ಕೂತರು. ಪಕ್ಕದ ತೆಲುಗರ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ತೀರಿಕೊಂಡು ಇನ್ನೂ ಆರು ತಿಂಗಳಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ನಗುವ ಮಾತಲ್ಲ ಅದು. 1956ರ ನವೆಂಬರ್ 1ಕ್ಕೆ ರಾಜ್ಯ ಬಂತು, ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಅದನ್ನು ಬದಲಿಸಲು 1973ರವರೆಗೆ ಮತ್ತೆ ಬೈಯಬೇಕಾಯಿತು.

ಹೀಗೆ ಹಟ ಹಿಡಿದು ಒಂದಾದವರು ನಾವು. 1962ರಲ್ಲಿ ಹುಬ್ಬಳ್ಳಿ-ಧಾರವಾಡಗಳನ್ನೂ ಒಂದೇ ಮಹಾನಗರ ಪಾಲಿಕೆ ಮಾಡಿದರು. ಅಂದಿನಿಂದ ಅನುದಾನವೆಲ್ಲ ಹುಬ್ಬಳ್ಳಿಗೇ ಹೋಯಿತು ಎಂದು ಧಾರವಾಡದವರ ದೂರು. ಧಾರವಾಡದವರಿಗೆ ಪೇಡೆ ಮತ್ತು ದೂರು ಎರಡೇ ಕೈಗಾರಿಕೆ ಎಂದು ಹುಬ್ಬಳ್ಳಿಯವರ ಉತ್ತರ. 2025ರ ಜನವರಿಯಲ್ಲಿ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಒಪ್ಪಿತು. ಗೆಳೆಯರು ಪೇಡೆ ಹಂಚಿದರು, ನಾನೂ ತಿಂದೆ. ತಿನ್ನುವಾಗಲೇ ಒಂದು ಚಿಂತೆ ಹತ್ತಿತು. ಪಾಲಿಕೆ ಬೇರೆಯಾದ ಮೇಲೆ ನಮ್ಮ ಓಣಿಯ ತಗ್ಗಿಗೆ ಹುಬ್ಬಳ್ಳಿಯವರನ್ನು ಬೈಯುವಂತಿಲ್ಲ. ಅರವತ್ತು ವರ್ಷದ ರೂಢಿ, ಬಿಡಲು ನಾಲ್ಕಾರು ವರ್ಷವಾದರೂ ಹಿಡಿದೀತು.